ಬೈಕ್ ಬ್ರೇಕಿನಲ್ಲಿ ಜಾಮ್ ಆದ ನಟ್ಟು, ಮುರಿದ ನಿಪ್ಪಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಬೈಕ್ ರಿಪೇರಿ ಕೆಲಸ ಮಾಡುತ್ತೇನೆ. ಮಳೆ ನಿಂತು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಅಂಗಡಿಗೆ ಬರುವ ಬೈಕುಗಳಲ್ಲಿ ಬ್ರೇಕ್ ಜಾಮ್ ಆದವೇ ಜಾಸ್ತಿ. ಆಲ್ದೂರು, ಮೂಡಿಗೆರೆ, ಕೊಪ್ಪ, ಬೇಲೂರು, ಸಕಲೇಶಪುರ ಕಡೆಯಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿದ್ದೇನೆ. ನಿಮಗೆ ಬೇಕಾದ ಒಂದು ಪ್ರಶ್ನೆ ಮಾತ್ರ ಓದಿದರೂ ಉತ್ತರ ಪೂರ್ತಿ ಸಿಗಬೇಕು ಅಂತ ಪ್ರಯತ್ನ ಪಟ್ಟಿದ್ದೇನೆ.

## ಶುರುವಿಗೆ

ಹೋದ ವರ್ಷ ನಿಪ್ಪಲ್ ಸಲೀಸಾಗಿ ಬಿಚ್ಚಿದ್ದೆ. ಈ ವರ್ಷ ಅಲ್ಲಾಡ್ತಾನೇ ಇಲ್ಲ. ಯಾಕೆ ಹಿಂಗಾಗುತ್ತೆ?

ಕ್ಯಾಲಿಪರ್, ಅಂದರೆ ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕಿನ ಭಾಗ, ಅಲ್ಯೂಮಿನಿಯಂನದು. ಅದರೊಳಗೆ ಕೂತಿರುವ ನಿಪ್ಪಲ್ (ಬ್ರೇಕ್ ಆಯಿಲ್, ಗಾಳಿ ಹೊರಬಿಡಲು ಇರುವ ಸಣ್ಣ ತಿರುಪು), ಬೋಲ್ಟ್, ಪಿನ್ ಎಲ್ಲ ಸಾಮಾನ್ಯವಾಗಿ ಉಕ್ಕಿನವು. ಎರಡು ಬೇರೆ ಬೇರೆ ಲೋಹ ತಾಗಿಕೊಂಡಿದ್ದು ನಡುವೆ ನೀರು ನಿಂತರೆ ಅಲ್ಲಿ ಸಣ್ಣದೊಂದು ಬ್ಯಾಟರಿಯೇ ತಯಾರಾಗುತ್ತದೆ. ಅದರಲ್ಲಿ ಕರಗಿ ಹೋಗುವುದು ಅಲ್ಯೂಮಿನಿಯಂ. ಬಿಚ್ಚಿದಾಗ ಥ್ರೆಡ್ (ತಿರುಪಿನ ಸುರುಳಿ ಗೆರೆ) ಮೇಲೆ ಅಕ್ಕಿ ಹಿಟ್ಟಿನಂಥ ಬಿಳಿ ಪುಡಿ ಕಾಣುತ್ತದಲ್ಲ, ಅದೇ ಇದು. ಆ ಪುಡಿಗೆ ಲೋಹ ಹಿಡಿದಿದ್ದಕ್ಕಿಂತ ಜಾಸ್ತಿ ಜಾಗ ಬೇಕು. ಥ್ರೆಡ್ ನಡುವೆ ಜಾಗ ಎಲ್ಲಿದೆ? ಹಾಗಾಗಿ ಬೆಣೆ ಹೊಡೆದ ಹಾಗೆ ಬಿಗಿಯಾಗುತ್ತದೆ. ಉಕ್ಕಿನ ತುಕ್ಕೂ ಇದರ ಜೊತೆ ಸೇರುತ್ತದೆ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕ್ಯಾಲಿಪರ್ ಸರಿಯಾಗಿ ಒಣಗುವುದೇ ಇಲ್ಲ. ತೋಟದ ರಸ್ತೆಯ ಕೆಸರು ಅಂಟಿಕೊಂಡು ನೀರನ್ನು ಅಲ್ಲೇ ಹಿಡಿದಿಡುತ್ತದೆ. ನಿಪ್ಪಲ್ ಮೇಲಿನ ಪುಟ್ಟ ರಬ್ಬರ್ ಮುಚ್ಚಳ ಬಿದ್ದುಹೋಗಿದ್ದರೆ ನೀರು ನೇರವಾಗಿ ಒಳಗಿನ ತೂತಿಗೇ ಇಳಿಯುತ್ತದೆ. ಕಡೂರು, ಅರಸೀಕೆರೆ ಕಡೆಯ ಬೈಕುಗಳಲ್ಲಿ ಈ ಕಾಟ ಕಡಿಮೆ. ಅಲ್ಲಿ ಧೂಳಿನ ತೊಂದರೆಯೇ ಬೇರೆ.

ಬೋರ್ಡೋ ಔಷಧಿ ಡ್ರಮ್ಮು, ಗೊಬ್ಬರದ ಚೀಲ ಎಲ್ಲ ಬೈಕಲ್ಲೇ ಸಾಗಿಸ್ತೀವಿ. ಅದಕ್ಕೂ ಬ್ರೇಕಿಗೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಜಾಸ್ತಿಯೇ ಇದೆ. ತೋಟದವರಿಗೆ ಇದನ್ನು ವಿವರಿಸುವುದು ಸುಲಭ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿಗೆ ಬೋರ್ಡೋ ಮಾಡಿ, ಸುಣ್ಣ ಸಾಕಾಯಿತಾ ಅಂತ ನೋಡಲು ಕಬ್ಬಿಣದ ಚಾಕು ಅದ್ದುತ್ತೀರಿ. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಆ ತಾಮ್ರ ಕೂರುವಾಗ ಅಷ್ಟೇ ಲೆಕ್ಕದಲ್ಲಿ ಕಬ್ಬಿಣ ಕರಗಿ ನೀರಿಗೆ ಹೋಗಿರುತ್ತದೆ. ಮೈಲುತುತ್ತದ ನೀರು ಕ್ಯಾಲಿಪರ್ ಮೇಲೆ ಚೆಲ್ಲಿದರೆ ಅಲ್ಲೂ ಅದೇ ಆಟ. ಅಲ್ಯೂಮಿನಿಯಂ ಮೇಲೆ ತಾಮ್ರದ ಚುಕ್ಕೆ ಕೂತು, ಅದರ ಸುತ್ತ ಗುಂಡಿ ಬೀಳುತ್ತದೆ. ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ತೇವ ಎಳೆದುಕೊಂಡು ಲೋಹವನ್ನು ತಿನ್ನುತ್ತದೆ.

ಔಷಧಿ ಹೊಡೆದ ದಿನ ಸಂಜೆ ಎರಡು ಕೊಡ ಬರೀ ನೀರನ್ನು ಚಕ್ರದ ಮೇಲೆ ಸುರಿಯಿರಿ. ಬ್ರೇಕ್ ಒತ್ತುತ್ತಾ ಸ್ವಲ್ಪ ದೂರ ಓಡಿಸಿ ಒಣಗಿಸಿ. ಅಷ್ಟು ಸಾಕು.

ನಿಪ್ಪಲ್ ಜಾಮ್ ಆಗಿದ್ರೆ ಆಗ್ಲಿ. ಬ್ರೇಕ್ ಚೆನ್ನಾಗಿ ಹಿಡೀತಿದೆಯಲ್ಲ, ಸುಮ್ನೆ ಬಿಟ್ರೆ ಏನಾಗುತ್ತೆ?

ಇವತ್ತು ಏನೂ ಆಗುವುದಿಲ್ಲ. ಆದರೆ ನಿಪ್ಪಲ್ ತೆಗೆಯಲು ಆಗದಿದ್ದರೆ ಬ್ರೇಕ್ ಆಯಿಲ್ ಬದಲಾಯಿಸಲು ಆಗುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ಮಾನದಂಡವಿದೆ. ನೀರು ಎಳೆದುಕೊಂಡ ಮೇಲೆ ಆ ಲೆಕ್ಕ 155 ಡಿಗ್ರಿಗೆ ಇಳಿಯುತ್ತದೆ. ಊರೊಳಗೆ ಓಡಾಡುವಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಗೊತ್ತಾಗುತ್ತದೆ. ಆಯಿಲ್ ಕುದ್ದು ಗುಳ್ಳೆ ಎದ್ದರೆ ಲಿವರ್ ಹ್ಯಾಂಡಲ್ ತನಕ ಬಂದರೂ ಬ್ರೇಕ್ ಹಿಡಿಯುವುದಿಲ್ಲ. ಮುಂದಿನ ತಿರುವಿಗೆ ಏನು ಮಾಡುತ್ತೀರಿ?

ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಗಲೇಬೇಕು. ಹಾಗಾಗಿ ಜಾಮ್ ಆದ ನಿಪ್ಪಲ್ ಅಂದರೆ ರಿಪೇರಿಗೆ ಬಂದ ಬ್ರೇಕ್ ಅಂತಲೇ ತಿಳಿಯಿರಿ.

ಇದನ್ನ ಮನೇಲೇ ಮಾಡ್ಬಹುದಾ? ಮೆಕ್ಯಾನಿಕ್ ಹತ್ರಾನೇ ಹೋಗ್ಬೇಕಾ?

ಎಣ್ಣೆ ಬಿಟ್ಟು ಕಾಯುವುದು, ಬಿಸಿನೀರು ಹಾಕುವುದು, ಸರಿಯಾದ ಸ್ಪ್ಯಾನರ್ ಹಾಕಿ ಒಮ್ಮೆ ಪ್ರಯತ್ನಿಸುವುದು ಮನೆಯಲ್ಲೇ ಆಗುತ್ತದೆ. ಡ್ರಿಲ್, ಟ್ಯಾಪ್ (ಥ್ರೆಡ್ ಕೊರೆಯುವ ಹತ್ಯಾರ), ವೆಲ್ಡಿಂಗ್ ಬೇಕಾದ ಕಡೆ ನಿಲ್ಲಿಸಿ. ಅಂಗಡಿಗೆ ಬರುವ ಹಾಳಾದ ಕ್ಯಾಲಿಪರುಗಳಲ್ಲಿ ತುಕ್ಕಿನಿಂದ ಹಾಳಾದವು ಕಡಿಮೆ. ಮನೆಯಲ್ಲಿ ಇನ್ನೊಂದು ಸಲ, ಇನ್ನೊಂದು ಸಲ ಅಂತ ತಿರುಗಿಸಿ ಹಾಳಾದವು ಜಾಸ್ತಿ. ಹೆಡ್ ನೆಟ್ಟಗಿರುವಾಗ ತಂದರೆ ನನಗೆ ಅರ್ಧ ಗಂಟೆಯ ಕೆಲಸ. ಹೆಡ್ ಸವೆದ ಮೇಲೆ ತಂದರೆ ಅರ್ಧ ದಿನ.

ಯಾವ ಸ್ಪ್ಯಾನರ್ ಹಾಕ್ಬೇಕು? ನನ್ನ ಹತ್ರ ಇರೋದು ಬೈಕ್ ಜೊತೆ ಕೊಟ್ಟ ಕಿಟ್ ಅಷ್ಟೇ.

ಕಿಟ್‌ನ ಬಾಯಿ ತೆರೆದ ಸ್ಪ್ಯಾನರ್ ನಿಪ್ಪಲ್‌ಗೆ ಹಾಕಬೇಡಿ. ಅದು ಎರಡು ಮೂಲೆಯನ್ನು ಮಾತ್ರ ಹಿಡಿಯುತ್ತದೆ, ಜಾರಿದರೆ ಆ ಎರಡೂ ಹೋದವು. ಮಾಮೂಲಿ ರಿಂಗ್ ಸ್ಪ್ಯಾನರ್‌ಗೆ ಒಳಗೆ 12 ಮೂಲೆ ಇರುತ್ತದೆ. ಅದೂ ಹಳೇ ನಿಪ್ಪಲ್‌ಗೆ ಆಗಿಬರುವುದಿಲ್ಲ. ನಿಮಗೆ ಬೇಕಾದದ್ದು ಒಳಗೆ 6 ಮೂಲೆ ಇರುವ ಬಾಕ್ಸ್ ಸ್ಪ್ಯಾನರ್. ಅದು ಮೂಲೆ ಬಿಟ್ಟು ಅಗಲವಾದ ಮೈಯನ್ನು ಹಿಡಿಯುತ್ತದೆ. ಒಂದೇ ಒಂದು ಬಾಕ್ಸ್ ಕೊಂಡರೂ ಸಾಕು, ನಿಮ್ಮ ನಿಪ್ಪಲ್ ಅಳತೆಯದ್ದು ಕೊಳ್ಳಿ.

ಹಾಕುವ ಮೊದಲು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ನಿಪ್ಪಲ್ ಸುತ್ತ ಒಣಗಿದ ಕೆಸರು ತೆಗೆಯಿರಿ. ಕೆಸರಿನ ಮೇಲೆ ಕೂತ ಬಾಕ್ಸ್ ಪೂರ್ತಿ ಇಳಿದಿರುವುದಿಲ್ಲ. ತುದಿಯಲ್ಲಿ ಹಿಡಿದು ಜಾರುತ್ತದೆ.

ಎಣ್ಣೆ ಹೊಡೆದು ಬಿಟ್ರೆ ತಾನೇ ಬಿಡಲ್ವಾ? ಡೀಸೆಲ್, ಸೀಮೆಎಣ್ಣೆ ನಡೆಯುತ್ತಾ?

ತುಕ್ಕು ಬಿಡಿಸುವ ಎಣ್ಣೆ ಕೆಲಸ ಮಾಡುತ್ತದೆ, ಆದರೆ ನಿಧಾನವಾಗಿ. ಸ್ಪ್ರೇ ಹೊಡೆದು ಐದು ನಿಮಿಷಕ್ಕೆ ಸ್ಪ್ಯಾನರ್ ಹಾಕಿದರೆ ಹೊಡೆದೂ ಪ್ರಯೋಜನವಿಲ್ಲ. ರಾತ್ರಿ ಒಂದು ಹನಿ, ಬೆಳಿಗ್ಗೆ ಒಂದು ಹನಿ, ಹೀಗೆ ಮೂರು ದಿನ ಬಿಡಿ. ಪ್ರತಿ ಸಲ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ಎಣ್ಣೆ ಒಳಗಿಳಿಯುತ್ತದೆ.

ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ. ಬ್ರೇಕ್ ಒಳಗಿನ ರಬ್ಬರ್ ಸೀಲುಗಳಿಗೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಇಂಜಿನ್ ಆಯಿಲ್ ಯಾವುದೂ ಆಗುವುದಿಲ್ಲ. ನೆನೆದ ಅವಲಕ್ಕಿಯಂತೆ ಉಬ್ಬುತ್ತವೆ. ಡಿಸ್ಕನ್ನು ಒತ್ತುವ ಪ್ಯಾಡ್ ಮೇಲೆ ಬಿದ್ದರೆ ಪ್ಯಾಡ್ ಎಸೆಯುವುದೇ. ಹಾಗಾಗಿ ಡಬ್ಬಿಯಿಂದ ನೇರ ಸ್ಪ್ರೇ ಹೊಡೆಯಬೇಡಿ. ಮುಚ್ಚಳಕ್ಕೆ ಸ್ವಲ್ಪ ಎಣ್ಣೆ ಸುರಿದುಕೊಂಡು, ಊದುಬತ್ತಿ ಕಡ್ಡಿ ಅದ್ದಿ, ಥ್ರೆಡ್ ಬಾಯಿಗೆ ಒಂದೊಂದೇ ಹನಿ ಬಿಡಿ. ಡಿಸ್ಕ್ ಮೇಲೆ ಹಳೇ ಪಂಚೆ ತುಂಡು ಮುಚ್ಚಿಡಿ.

## ಜಾಮ್ ಆಗಿದೆ, ಇನ್ನೂ ಮುರಿದಿಲ್ಲ

ಬ್ಲೀಡ್ ನಿಪ್ಪಲ್ ಒಂಚೂರೂ ತಿರುಗ್ತಿಲ್ಲ ಮಾರಾಯ್ರೆ. ಮುರಿಯದ ಹಾಗೆ ಹೆಂಗೆ ತೆಗೆಯೋದು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ನಿಪ್ಪಲ್ ಪೊಳ್ಳು. ಮಧ್ಯದಲ್ಲಿ ಉದ್ದಕ್ಕೆ ತೂತು, ಕೆಳಗೆ ಪಕ್ಕಕ್ಕೆ ಇನ್ನೊಂದು ತೂತು. ನೋಡಲು ಬೋಲ್ಟಿನಂತಿದ್ದರೂ ಅದಕ್ಕೆ ಬೋಲ್ಟಿನ ಶಕ್ತಿ ಇಲ್ಲ. ಹಲವು ಬೈಕುಗಳಲ್ಲಿ ಅದನ್ನು ಬಿಗಿಯಬೇಕಾದದ್ದು ಸುಮಾರು 6 ನ್ಯೂಟನ್ ಮೀಟರ್ ಅಷ್ಟೇ. ಅಂದರೆ 10 ಸೆಂ.ಮೀ. ಉದ್ದದ ಸ್ಪ್ಯಾನರ್ ತುದಿಗೆ 6 ಕಿಲೋ ಭಾರ ತೂಗುಹಾಕಿದಷ್ಟು. ಕೈಯಲ್ಲಿ ಹಾರೆ ಹಿಡಿಯುವವರ ಬಲಕ್ಕೆ ಅದು ಏನೂ ಅಲ್ಲ.

ಎಣ್ಣೆ ಬಿಟ್ಟು ಮೂರು ದಿನ ಆದ ಮೇಲೆ ಶಾಖ. ಅಲ್ಯೂಮಿನಿಯಂ ಬಿಸಿಯಾದಾಗ ಉಕ್ಕಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಮಿಡಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿಯಾದರೆ ಬಿಸಿನೀರು ಬಿಡುತ್ತೇವಲ್ಲ, ಅದೇ ಲೆಕ್ಕ. ಕುದಿಯುವ ನೀರನ್ನು ನಿಪ್ಪಲ್ ಸುತ್ತಲಿನ ಕ್ಯಾಲಿಪರ್ ಮೈಮೇಲೆ ಸಣ್ಣ ಧಾರೆಯಾಗಿ ಎರಡು ನಿಮಿಷ ಸುರಿಯಿರಿ. ಹಾಟ್ ಏರ್ ಗನ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ರಬ್ಬರಿನಿಂದ ದೂರ ಹಿಡಿಯಿರಿ.

ಬಿಸಿ ಇರುವಾಗಲೇ ನಿಪ್ಪಲ್‌ನ ತೂತಿಗೆ ಸರಿಯಾಗಿ ಕೂರುವ ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಇಳಿಸಿ. ಒಳಗೆ ಆಸರೆ ಸಿಕ್ಕರೆ ನಿಪ್ಪಲ್ ಒಳಕ್ಕೆ ಕುಸಿಯುವುದಿಲ್ಲ. ಆ ಬಿಟ್ ಮೇಲೆ ಸಣ್ಣ ಸುತ್ತಿಗೆಯಿಂದ ನಾಲ್ಕೈದು ಸಲ ಮೆಲ್ಲಗೆ ತಟ್ಟಿ. ಆಮೇಲೆ ಬಾಕ್ಸ್ ಹಾಕಿ ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆಯಷ್ಟು ತಿರುಗಿಸಿ. ಆಮೇಲೆ ಬಿಚ್ಚುವ ಕಡೆಗೆ. ಮತ್ತೆ ಬಿಗಿಯುವ ಕಡೆಗೆ.

ಈಗ ಕೈಯಲ್ಲಿ ಏನು ಗೊತ್ತಾಗುತ್ತದೆ ಅಂತ ಗಮನವಿಡಿ. ‘ಟಕ್’ ಅಂತ ಒಂದು ಸಣ್ಣ ಒಡೆತ ಕೈಗೆ ತಾಗಿದರೆ ಬಿಟ್ಟಿತು ಅಂತ ಅರ್ಥ. ಅದು ಬಿಟ್ಟು ಮೆತ್ತಗೆ, ರಬ್ಬರ್ ತಿರುಚಿದ ಹಾಗೆ, ತಿರುಗಿದರೂ ತಿರುಗದ ಹಾಗೆ ಇದ್ದರೆ ಒಳಗೆ ಲೋಹ ತಿರುಚಿಕೊಳ್ಳುತ್ತಿದೆ. ಆ ಕ್ಷಣವೇ ಕೈ ಬಿಡಿ. ಮತ್ತೆ ಎಣ್ಣೆ, ಮತ್ತೆ ಶಾಖ, ನಾಳೆ ನೋಡೋಣ. ನನ್ನ ಕೈಯಲ್ಲಿ ಮೊದಲು ಮುರಿದ ನಿಪ್ಪಲ್ ಹೀಗೆಯೇ ಮೆತ್ತಗೆ ತಿರುಗಿತ್ತು. ಬರುತ್ತಿದೆ ಅಂದುಕೊಂಡು ಇನ್ನೂ ಸ್ವಲ್ಪ ಒತ್ತಿದೆ. ಹೆಡ್ ಬಾಕ್ಸ್ ಒಳಗೇ ಉಳಿಯಿತು. ತೋಟದ ಮೇಸ್ತ್ರಿಯೊಬ್ಬರ ಬೈಕ್ ಅದು. ಮಾರನೇ ದಿನ ಬೆಳಿಗ್ಗೆ ಅವರಿಗೆ ಕೆಲಸಕ್ಕೆ ಬೈಕಿರಲಿಲ್ಲ. ಆವತ್ತಿನಿಂದ ಆ ಮೆತ್ತನೆಯ ಅನುಭವ ಕೈಗೆ ಬಂದರೆ ನಾನು ಮುಂದುವರಿಯುವುದಿಲ್ಲ.

ಹ್ಯಾಂಡಲ್ ಮೇಲಿನ ಆಯಿಲ್ ಡಬ್ಬಿ ಮುಚ್ಚಳದ ಸ್ಕ್ರೂ ಸವೆದು ಗುಂಡಿ ಆಗಿದೆ. ತೆಗೆಯೋದು ಹೆಂಗೆ?

ಈ ಸ್ಕ್ರೂಗಳು ತೀರಾ ಸಣ್ಣವು, ತಲೆ ಚಪ್ಪಟೆ. ಜಪಾನ್ ಮೂಲದ ಹಲವು ಬೈಕುಗಳಲ್ಲಿ ಇವು ಜಪಾನಿ ಅಳತೆಯ ಪ್ಲಸ್ ಸ್ಕ್ರೂ. ನೋಡಲು ನಮ್ಮ ಸ್ಟಾರ್ ಸ್ಕ್ರೂಡ್ರೈವರ್‌ಗೆ ಸರಿಯಾಗಿಯೇ ಕಾಣುತ್ತದೆ, ಆದರೆ ತುದಿ ಪೂರ್ತಿ ಕೂರುವುದಿಲ್ಲ. ಹಾಗಾಗಿ ಜಾರಿ ಸವೆಯುತ್ತದೆ. ಇನ್ನೂ ಅರ್ಧ ಹಿಡಿತ ಇದ್ದರೆ ಸರಿಯಾದ ಬಿಟ್ ಇಟ್ಟು ಮೇಲಿಂದ ಮೆಲ್ಲಗೆ ನಾಲ್ಕು ಸಲ ತಟ್ಟಿ, ಮೈಭಾರ ಹಾಕಿ ತಿರುಗಿಸಿ. ತಟ್ಟುವಾಗ ಒಂದು ಕೈ ಕೆಳಗೆ ಆಸರೆ ಇರಲಿ.

ಪೂರ್ತಿ ಗುಂಡಿಯಾಗಿದ್ದರೆ ಸ್ಕ್ರೂ ತಲೆಯನ್ನೇ ಡ್ರಿಲ್ ಮಾಡಿ ತೆಗೆಯಿರಿ. ಕೇಳಲು ಹೆದರಿಕೆ ಅನ್ನಿಸುತ್ತದೆ, ಆದರೆ ಸುಲಭ. ತಲೆ ಕಳಚಿದ ಕೂಡಲೇ ಮುಚ್ಚಳದ ಮೇಲಿನ ಹಿಡಿತ ಹೋಗುತ್ತದೆ. ಲೋಹದ ಪುಡಿಯನ್ನೆಲ್ಲ ಒರೆಸಿದ ಮೇಲೆಯೇ ಮುಚ್ಚಳ ಎತ್ತಿ. ಉಳಿದ ಕಾಂಡ ಮೇಲಕ್ಕೆ ಇಣುಕುತ್ತಿರುತ್ತದೆ, ಪ್ಲೈಯರ್‌ನಲ್ಲಿ ಹಿಡಿದರೆ ಬರುತ್ತದೆ. ಪೆಟ್ರೋಲ್ ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿರಿ. ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಏಳುತ್ತದೆ. ಬಿದ್ದರೆ ತಕ್ಷಣ ನೀರು ಸುರಿಯಿರಿ, ತೊಳೆದುಹೋಗುತ್ತದೆ.

ಪ್ಯಾಡ್ ಪಿನ್ನಿನ ಎಲ್-ಕೀ ಗುಂಡಿ ರೌಂಡ್ ಆಗಿಹೋಗಿದೆ. ಪ್ಯಾಡ್ ಬದಲಾಯಿಸೋದು ಹೆಂಗೆ?

ಸವೆದ ಆರು ಮೂಲೆಯೊಳಗೆ ಸ್ವಲ್ಪ ದೊಡ್ಡದಾದ ಟಾರ್ಕ್ಸ್ (ಆರು ಹಲ್ಲಿನ ನಕ್ಷತ್ರದಾಕಾರದ) ಬಿಟ್ ಇಟ್ಟು ಸುತ್ತಿಗೆಯಿಂದ ಇಳಿಸಿ. ಅದರ ಹಲ್ಲು ಹೊಸದಾಗಿ ಕಚ್ಚುತ್ತದೆ. ಸುತ್ತಿಗೆಯ ಪೆಟ್ಟಿಗೆ ಥ್ರೆಡ್ಡಿನ ತುಕ್ಕೂ ಸಡಿಲವಾಗುತ್ತದೆ. ಕ್ಯಾಲಿಪರ್ ಬೈಕಿನಲ್ಲೇ ಬಿಗಿಯಾಗಿ ಕೂತಿರುವಾಗ ಇದನ್ನು ಮಾಡಿ. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರೆ ಬಲ ಹಾಕಲು ಆಧಾರವೇ ಇರುವುದಿಲ್ಲ. ಪ್ಯಾಡುಗಳನ್ನು ಹಿಡಿದಿಡುವ ಈ ಪಿನ್ ಆಯಿಲ್ ದಾರಿಯಲ್ಲಿ ಇಲ್ಲ, ಹಾಗಾಗಿ ಹೊಸದು ಹಾಕುವಾಗ ಥ್ರೆಡ್‌ಗೆ ಜಾಮ್ ತಡೆಯುವ ಪೇಸ್ಟ್ ಸ್ವಲ್ಪ ಸವರಬಹುದು. ಕೆಲವು ಬೈಕುಗಳಲ್ಲಿ ಪಿನ್ನಿನ ಮೇಲೆ ಸಣ್ಣ ಮುಚ್ಚಳ ಸ್ಕ್ರೂ ಇರುತ್ತದೆ. ಅದನ್ನು ಬಿಸಾಡಬೇಡಿ. ಅದು ಇಲ್ಲದ್ದಕ್ಕೇ ಒಳಗೆ ನೀರು ಹೋಗಿ ಇಷ್ಟೆಲ್ಲ ಆದದ್ದು.

ಬ್ರೇಕ್ ಪೈಪ್ ಸೇರೋ ಜಾಗದ ದೊಡ್ಡ ಬೋಲ್ಟ್ ಬಿಡ್ತಿಲ್ಲ. ಅದಕ್ಕೂ ತುಕ್ಕಾ?

ಅದನ್ನು ಬ್ಯಾಂಜೋ ಬೋಲ್ಟ್ ಅನ್ನುತ್ತಾರೆ. ಅದು ತುಕ್ಕಿಗಿಂತ ಜಾಸ್ತಿ, ಹಿಂದೆ ಯಾರೋ ವಿಪರೀತ ಬಿಗಿದಿದ್ದರಿಂದ ಹಿಡಿದಿರುತ್ತದೆ. ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಮೀಟರ್ ಸಾಕು. ಇದೂ ಪೊಳ್ಳು ಬೋಲ್ಟೇ. ಕ್ಯಾಲಿಪರ್ ಫೋರ್ಕ್ ಮೇಲಿರುವಾಗಲೇ 6 ಮೂಲೆಯ ಬಾಕ್ಸ್ ಹಾಕಿ, ಒಮ್ಮೆ ಗಟ್ಟಿಯಾಗಿ ಎಳೆಯಿರಿ.

ಹೊಸ ಬೋಲ್ಟ್ ತರುವಾಗ ಎಚ್ಚರ. ದಪ್ಪ 10 ಮಿ.ಮೀ. ಒಂದೇ ಇದ್ದರೂ ಥ್ರೆಡ್ಡಿನ ಅಂತರ ಎರಡು ಬಗೆ: 1.25 ಮಿ.ಮೀ., 1 ಮಿ.ಮೀ. ತಪ್ಪಾದದ್ದು ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ತುಕ್ಕು ಇರಬೇಕು ಅಂತ ಒತ್ತಿದರೆ ಕ್ಯಾಲಿಪರ್ ಥ್ರೆಡ್ ಹೋಯಿತು. ಹಳೇ ಬೋಲ್ಟ್ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಎರಡನ್ನೂ ಪಕ್ಕಪಕ್ಕ ಹಿಡಿದು ಹಲ್ಲಿಗೆ ಹಲ್ಲು ಕೂರುತ್ತದಾ ನೋಡಿ. ಎರಡೂ ಕಡೆಯ ತಾಮ್ರದ ವಾಷರ್ ಪ್ರತಿ ಸಲ ಹೊಸದು ಹಾಕಿ.

ನಂದು ಡ್ರಮ್ ಬ್ರೇಕ್. ಒತ್ತಿದ್ರೆ ಹಿಡಿಯುತ್ತೆ, ಬಿಟ್ರೆ ವಾಪಸ್ ಬರಲ್ಲ.

ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುವ ಒಳಗಿನ ಕ್ಯಾಮ್ ಜಾಮ್ ಆಗಿದೆ. ಬ್ರೇಕ್ ಪ್ಲೇಟಿನ ತೂತಿನಲ್ಲಿ ಕೂತಿರುವ ಕ್ಯಾಮ್ ಶಾಫ್ಟಿಗೆ ಗ್ರೀಸ್ ಒಣಗಿ ನೀರು ಹೋಗಿದೆ. ಹಾಲಿನ ಕ್ಯಾನ್ ಹಾಕುವ ಬೈಕುಗಳಲ್ಲಿ ಇದು ತೀರಾ ಸಾಮಾನ್ಯ. ಹೊರಗಿನಿಂದ ಎಣ್ಣೆ ಹೊಡೆದರೆ ಒಂದು ವಾರ ನಡೆಯುತ್ತದೆ, ಆಮೇಲೆ ಅದೇ ಎಣ್ಣೆ ಶೂ ಮೇಲೆ ಇಳಿದು ಬ್ರೇಕೇ ಹಿಡಿಯುವುದಿಲ್ಲ. ಚಕ್ರ ಬಿಚ್ಚಲೇಬೇಕು.

ಬಿಚ್ಚುವ ಮೊದಲು ಲಿವರ್ ಮತ್ತು ಶಾಫ್ಟ್ ಮೇಲೆ ಎದುರುಬದುರು ಒಂದು ಗೆರೆ ಗೀಚಿ. ಜೋಡಿಸುವಾಗ ಅದೇ ಹಲ್ಲಿಗೆ ಕೂರಬೇಕು. ಶಾಫ್ಟ್ ತೆಗೆದು ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಿ, ಶಾಖ ತಡೆಯುವ ಗ್ರೀಸ್ ತೆಳುವಾಗಿ ಸವರಿ. ಒಳಗಿನ ಧೂಳನ್ನು ಮಾತ್ರ ಊದಬೇಡಿ, ಕಂಪ್ರೆಸರ್ ಗಾಳಿಯನ್ನೂ ಬಿಡಬೇಡಿ. ಹಳೇ ಶೂಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಬ್ರೇಕ್ ರಾಡ್ ತುದಿಯ ಅಡ್ಜಸ್ಟ್ ನಟ್ ತುಕ್ಕು ಹಿಡಿದಿದ್ದರೆ ಒದ್ದಾಡಬೇಡಿ. ರಾಡ್, ನಟ್ ಎರಡೂ ಹೊಸದು ಹಾಕಿ. ಅದು ಅಗ್ಗದ ಸಾಮಾನು.

ಒಂದೇ ಕಡೆ ಪ್ಯಾಡ್ ಸವೆದಿದೆ, ಇನ್ನೊಂದು ಹೊಸದರ ಹಾಗೇ ಇದೆ. ಇದೂ ಜಾಮ್ ಆಗಿದ್ದಕ್ಕೇನಾ?

ಹೌದು. ಕ್ಯಾಲಿಪರ್ ಆಚೀಚೆ ಜಾರುವ ಸ್ಲೈಡ್ ಪಿನ್ ಹಿಡಿದುಕೊಂಡಿದೆ. ಪಿನ್ ತೆಗೆದು ಒರೆಸಿ, ಸಿಲಿಕಾನ್ ಬ್ರೇಕ್ ಗ್ರೀಸ್ ಹಾಕಿ. ಚಕ್ರದ ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಮೊದಲಿಗಿಂತ ಬಿಗಿಯಾಗುತ್ತದೆ.

ಮಳೆಗಾಲ ಪೂರ್ತಿ ಬೈಕ್ ನಿಲ್ಲಿಸಿದ್ದೆ. ಈಗ ಚಕ್ರವೇ ತಿರುಗ್ತಿಲ್ಲ.

ಕ್ಯಾಲಿಪರ್ ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ ಅಂಟಿಕೊಂಡಿದೆ. ಕ್ಯಾಲಿಪರ್ ಬಿಚ್ಚಿ, ಪ್ಯಾಡ್ ತೆಗೆದು, ಬ್ರೇಕ್ ಲಿವರ್ ಮೆಲ್ಲಗೆ ಒತ್ತುತ್ತಾ ಪಿಸ್ಟನ್ ಹೊರಗೆ ತನ್ನಿ. ಬ್ರೇಕಿನ ಸ್ವಂತ ಒತ್ತಡಕ್ಕಿಂತ ಒಳ್ಳೆಯ ಹತ್ಯಾರ ಇಲ್ಲ. ಎರಡು ಪಿಸ್ಟನ್ ಇದ್ದು ಒಂದೇ ಬರುತ್ತಿದ್ದರೆ, ಬರುವುದಕ್ಕೆ ಮರದ ತುಂಡು ಅಡ್ಡ ಇಟ್ಟು ಇನ್ನೊಂದನ್ನು ಹೊರಡಿಸಿ. ಕಂಪ್ರೆಸರ್ ಗಾಳಿ ಬಿಟ್ಟರೆ ಪಿಸ್ಟನ್ ಗುಂಡಿನ ಹಾಗೆ ಹಾರುತ್ತದೆ. ಎದುರು ಬೆರಳಿದ್ದರೆ ಬೆರಳು ಹೋಯಿತು. ಮನೆಯಲ್ಲಿ ಇದನ್ನು ಮಾಡಲೇಬೇಡಿ.

ಹೊರಬಂದ ಪಿಸ್ಟನ್ ಮೇಲೆ ಉಗುರು ಆಡಿಸಿ. ಸೀಲ್ ಕೂರುವ ಜಾಗದಲ್ಲಿ ಉಗುರಿಗೆ ಗುಂಡಿ ತಾಗಿದರೆ ಪಿಸ್ಟನ್ ಹೊಸದೇ ಬೇಕು.

## ಮುರಿದ ಮೇಲೆ

ನಿಪ್ಪಲ್ ಮುರಿದು ಅರ್ಧ ಒಳಗೇ ಉಳೀತು. ಕ್ಯಾಲಿಪರ್ ಬಿಸಾಡ್ಬೇಕಾ?

ಬೇಡ. ಹೆಚ್ಚಿನ ಸಲ ತೆಗೆಯಬಹುದು. ಕ್ಯಾಲಿಪರ್ ಬಿಚ್ಚಿ, ಪಿಸ್ಟನ್, ಸೀಲ್ ಎಲ್ಲ ತೆಗೆದು, ಬರೀ ಲೋಹ ಉಳಿಸಿಕೊಳ್ಳಿ. ವೈಸ್‌ನಲ್ಲಿ ಮರದ ತುಂಡುಗಳ ನಡುವೆ ನೆಟ್ಟಗೆ ಹಿಡಿಸಿ.

ಮುರಿದ ನಿಪ್ಪಲ್‌ನ ನಡುವಿನ ತೂತೇ ನಿಮಗೆ ದಾರಿ. ಡ್ರಿಲ್ ಅದನ್ನೇ ಹಿಡಿದು ಹೋಗುತ್ತದೆ, ಬೇರೆ ಬೋಲ್ಟಿನಂತೆ ಮಧ್ಯ ಹುಡುಕಬೇಕಿಲ್ಲ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಸಲ ಕೊರೆಯುವಾಗಲೇ ಬಿಟ್ ಕಚ್ಚಿಕೊಂಡು ತುಂಡನ್ನು ಹೊರಗೆ ತರುತ್ತದೆ.

ಶುರು ಮಾಡುವ ಮೊದಲು ಒಂದು ಹೊಸ ನಿಪ್ಪಲ್ ಪಕ್ಕದಲ್ಲಿಟ್ಟುಕೊಳ್ಳಿ. ಅದರ ತುದಿ ಶಂಕುವಿನಂತೆ ಚೂಪಾಗಿದೆ, ಅಲ್ವಾ? ಆಯಿಲ್ ನಿಲ್ಲಿಸುವುದು ಆ ಚೂಪು ತುದಿ ಕ್ಯಾಲಿಪರ್ ತಳದಲ್ಲಿ ಕೂರುವ ಜಾಗ. ಥ್ರೆಡ್ ಅಲ್ಲ. ಡ್ರಿಲ್ ಆ ಜಾಗಕ್ಕೆ ತಾಗಿದರೆ ಕ್ಯಾಲಿಪರ್ ಮುಗಿದಂತೆ. ಹಾಗಾಗಿ ಹೊಸ ನಿಪ್ಪಲ್‌ನಿಂದ ಆಳ ಅಳೆದು, ಡ್ರಿಲ್ ಬಿಟ್ ಮೇಲೆ ಕರೆಂಟ್ ಕೆಲಸದ ಕೆಂಪು ಟೇಪ್ ಸುತ್ತಿ ಗುರುತು ಮಾಡಿಕೊಳ್ಳುತ್ತೇನೆ. ಟೇಪ್ ಅಂಚಿಗೆ ಬಂದರೆ ನಿಲ್ಲಿಸುತ್ತೇನೆ.

ತುಂಡು ಬರದಿದ್ದರೆ ಎಕ್ಸ್‌ಟ್ರಾಕ್ಟರ್, ಅಂದರೆ ಮುರಿದ ತುಂಡಿನ ತೂತಿಗೆ ಇಳಿಸಿ ತಿರುಗಿಸಿ ತೆಗೆಯುವ ಹತ್ಯಾರ. ಸುರುಳಿ ಹಲ್ಲಿನದಕ್ಕಿಂತ ನೇರ ಹಲ್ಲಿನದು ನನಗೆ ಇಷ್ಟ. ಸುರುಳಿಯದು ಒಳಗಿಳಿದಷ್ಟೂ ಪೊಳ್ಳು ತುಂಡನ್ನು ಹಿಗ್ಗಿಸಿ ಗೋಡೆಗೆ ಇನ್ನಷ್ಟು ಒತ್ತುತ್ತದೆ. ಇಲ್ಲೂ ಶಾಖ ಕೊಟ್ಟೇ ತಿರುಗಿಸಿ. ಬಂದ ಮೇಲೆ ಸರಿಯಾದ ಟ್ಯಾಪ್ ಹೊಡೆದು ಥ್ರೆಡ್ ಶುಚಿ ಮಾಡಿ. ಒಳಗಿನ ಪ್ರತಿ ದಾರಿಯನ್ನೂ ಹೊಸ ಬ್ರೇಕ್ ಆಯಿಲ್‌ನಿಂದ ತೊಳೆಯಿರಿ. ಒಂದು ಕಣ ಲೋಹ ಉಳಿದರೂ ಅದು ಹೊಸ ಸೀಲನ್ನು ಕೊಯ್ಯುತ್ತದೆ.

ಎಕ್ಸ್‌ಟ್ರಾಕ್ಟರೂ ಒಳಗೆ ಮುರೀತು. ಈಗ?

ಅದು ತುಂಬ ಗಟ್ಟಿ ಉಕ್ಕು, ಮಾಮೂಲಿ ಡ್ರಿಲ್ ಅದರ ಮೇಲೆ ಜಾರಿ ಪಕ್ಕದ ಅಲ್ಯೂಮಿನಿಯಂಗೆ ಹೋಗುತ್ತದೆ. ಕೈಯಲ್ಲಿ ಡ್ರಿಲ್ ಹಿಡಿದು ಇನ್ನು ಮುಟ್ಟಬೇಡಿ. ಅನುಭವವಿರುವ ಲೇತ್ ಅಂಗಡಿಗೆ ಒಯ್ಯಿರಿ. ಮುರಿದದ್ದು ಮೇಲೆ ಇಣುಕುತ್ತಿದ್ದರೆ ಅದಕ್ಕೊಂದು ನಟ್ ವೆಲ್ಡ್ ಮಾಡಿ ತಿರುಗಿಸಬಹುದು, ವೆಲ್ಡಿಂಗ್ ಶಾಖವೂ ಸಹಾಯ ಮಾಡುತ್ತದೆ. ಆಳದಲ್ಲಿದ್ದರೆ ನಾನಾದರೆ ಬೇರೆ ಕ್ಯಾಲಿಪರ್ ನೋಡುತ್ತೇನೆ.

ಗ್ಯಾಸ್ ಬೆಂಕಿ ಹಿಡಿದ್ರೆ ಬೇಗ ಬಿಡುತ್ತಂತೆ, ಹೌದಾ?

ಸೀಲು, ಆಯಿಲ್, ಪ್ಯಾಡ್ ಒಳಗಿರುವಾಗ ಬೆಂಕಿ ಬೇಡವೇ ಬೇಡ. ಒಳಗೆ ಸಿಕ್ಕಿಕೊಂಡ ಆಯಿಲ್ ಕುದ್ದು ಒತ್ತಡ ಏರಿ ಮುಖಕ್ಕೆ ಸಿಡಿಯಬಹುದು. ಅಲ್ಯೂಮಿನಿಯಂ ಕಾದರೂ ಕೆಂಪಾಗುವುದಿಲ್ಲ, ಎಷ್ಟು ಬಿಸಿಯಾಯಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಶಕ್ತಿ ಕಳೆದುಕೊಂಡ ಕ್ಯಾಲಿಪರ್ ನೋಡಲು ಚೆನ್ನಾಗಿಯೇ ಇರುತ್ತದೆ.

ಇನ್ನೊಂದನ್ನು ದಯವಿಟ್ಟು ನೆನಪಿಡಿ. ಕೆಲವು ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದು ಒಣಗುವ ಮೊದಲು ಬೆಂಕಿ ಅಥವಾ ವೆಲ್ಡಿಂಗ್ ತಾಗಿದರೆ ಫಾಸ್ಜೀನ್ ಅನ್ನುವ ಅನಿಲ ಹುಟ್ಟಬಹುದು. ಅದು ಜೀವ ತೆಗೆಯುವ ವಿಷ. ಕ್ಲೀನರ್ ಹೊಡೆದ ಭಾಗವನ್ನು ಬೆಂಕಿಯ ಹತ್ತಿರ ಒಯ್ಯಬೇಡಿ.

ಥ್ರೆಡ್ ಹೋಗಿದೆ. ಟೆಫ್ಲಾನ್ ಟೇಪ್ ಸುತ್ತಿ ಬಿಗಿದ್ರೆ, ಇಲ್ಲಾ ಎಂ-ಸೀಲ್ ಹಚ್ಚಿದ್ರೆ ನಿಲ್ಲಲ್ವಾ?

ನಿಲ್ಲುವುದಿಲ್ಲ. ನೀರಿನ ಪೈಪಿನಲ್ಲಿ ಥ್ರೆಡ್ ನೀರು ತಡೆಯಬೇಕು, ಅದಕ್ಕೆ ಟೇಪ್. ಬ್ರೇಕಿನಲ್ಲಿ ಥ್ರೆಡ್ಡಿನ ಕೆಲಸ ಒತ್ತಿ ಹಿಡಿಯುವುದು ಮಾತ್ರ. ಹಿಡಿತವೇ ಇಲ್ಲದಿದ್ದರೆ ಟೇಪ್ ಏನು ಮಾಡೀತು? ಜೋರಾಗಿ ಬ್ರೇಕ್ ಒತ್ತಿದ ದಿನ ಅದು ಕಿತ್ತು ಬರುತ್ತದೆ. ಎಂ-ಸೀಲ್ ಹಚ್ಚಿದ ಕ್ಯಾಲಿಪರ್ ಹಾಕಿದ ಬೈಕನ್ನು ನಾನು ಓಡಿಸಲು ಬಿಡುವುದಿಲ್ಲ.

ತಳದ ಕೂರುವ ಜಾಗ ಚೆನ್ನಾಗಿದ್ದರೆ ಲೇತ್‌ನಲ್ಲಿ ದೊಡ್ಡದಾಗಿ ಕೊರೆದು ಉಕ್ಕಿನ ಥ್ರೆಡ್ ಸುರುಳಿ ಹಾಕಿಸಬಹುದು. ಅದನ್ನು ಹೆಲಿಕಾಯಿಲ್ ಅನ್ನುತ್ತಾರೆ. ನೆಟ್ಟಗೆ ಕೊರೆಯುವ ಯಂತ್ರದಲ್ಲೇ ಮಾಡಿಸಿ. ಸ್ವಲ್ಪ ಓರೆಯಾದರೂ ಚೂಪು ತುದಿ ಸರಿಯಾಗಿ ಕೂರುವುದಿಲ್ಲ. ಬ್ಯಾಂಜೋ ಬೋಲ್ಟಿಗೂ ಇದೇ ಮಾತು, ಅಲ್ಲಿ ವಾಷರ್ ಕೂರುವ ಮುಖ ಸಪಾಟಾಗಿರಬೇಕು.

ಡಿಸ್ಕ್ ಹಿಡಿದಿರೋ ಬೋಲ್ಟುಗಳು ಬಿಡ್ತಿಲ್ಲ. ತುಕ್ಕೇನೂ ಕಾಣ್ತಿಲ್ಲ.

ಅವಕ್ಕೆ ಕಂಪನಿಯಲ್ಲೇ ಥ್ರೆಡ್ ಅಂಟು ಹಾಕಿರುತ್ತಾರೆ, ಸಡಿಲವಾಗದಿರಲಿ ಅಂತ. ಎಣ್ಣೆ ಅದನ್ನು ಕರಗಿಸುವುದಿಲ್ಲ, ಶಾಖ ಮೆತ್ತಗೆ ಮಾಡುತ್ತದೆ. ಹಾಟ್ ಏರ್ ಗನ್ನಿನಲ್ಲಿ ಒಂದೊಂದು ಬೋಲ್ಟನ್ನೂ ಎರಡು ಮೂರು ನಿಮಿಷ ಕಾಯಿಸಿ. ಹಳೇ ಎಲ್-ಕೀ ಬೇಡ, ಮೂಲೆ ಚೂಪಾಗಿರುವ ಹೊಸ ಬಿಟ್ ಹಾಕಿ, ತಟ್ಟಿ ಕೂರಿಸಿ, ಆಮೇಲೆ ಉದ್ದನೆಯ ಹಿಡಿಯಿಂದ ತಿರುಗಿಸಿ. ವಾಪಸ್ ಹಾಕುವಾಗ ಹೊಸ ಬೋಲ್ಟ್, ಹೊಸ ಅಂಟು.

ಚಾರ್ಮಾಡಿ ಮಧ್ಯದಲ್ಲಿ ಮುಂದಿನ ಬ್ರೇಕ್ ಹಿಡಿದು ಚಕ್ರ ನಿಂತೇಹೋಯ್ತು. ಅಲ್ಲೇ ಏನಾದ್ರೂ ಮಾಡ್ಬಹುದಾ?

ಮೊದಲು ಬೈಕನ್ನು ತಿರುವಿನಿಂದ ಆಚೆ, ಎಲ್ಲ ಗಾಡಿಗಳಿಗೂ ಕಾಣುವ ಕಡೆ ಸರಿಸಿ. ಅರ್ಧ ಗಂಟೆ ತಣ್ಣಗಾಗಲು ಬಿಡಿ. ಎಷ್ಟೋ ಸಲ ಅಷ್ಟಕ್ಕೇ ಚಕ್ರ ಬಿಡುತ್ತದೆ.

ಬಿಡದಿದ್ದರೆ ನಿಪ್ಪಲ್ ಕಾಲು ಸುತ್ತು ಬಿಚ್ಚಿ. ಒಂದು ಚೂರು ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ವಾಪಸ್ ಹೋಗುತ್ತಿಲ್ಲ ಅಂತ ಅರ್ಥ. ದೋಷ ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಅಥವಾ ಪೈಪಿನದು. ಆಯಿಲ್ ಬಂದರೂ ಚಕ್ರ ಬಿಡದಿದ್ದರೆ ಪಿಸ್ಟನ್ನೇ ಜಾಮ್. ಮೆಕ್ಯಾನಿಕ್‌ಗೆ ಇದನ್ನು ಹೇಳಿದರೆ ಅವರ ಅರ್ಧ ಹುಡುಕಾಟ ತಪ್ಪುತ್ತದೆ. ನಿಪ್ಪಲ್ ಮತ್ತೆ ಬಿಗಿಯಿರಿ, ಆಯಿಲ್ ಬಿದ್ದ ಕಡೆ ನೀರು ಸುರಿಯಿರಿ.

ಚಕ್ರ ಬಿಟ್ಟಿತು ಅಂತ ಓಡಿಸಿಕೊಂಡು ಇಳಿಯಬೇಡಿ. ಶಿರಾಡಿ, ಬಿಸಿಲೆ ಆದರೂ ಅಷ್ಟೇ. ಪಿಕಪ್ ಸಿಗುವ ತನಕ ಕಾಯುವುದು ಬೇಸರವೇ, ಆದರೂ ಕಾಯಿರಿ.

ಎಲ್ಲ ಹೊಸದು ಹಾಕಿ ಜೋಡಿಸಿದೆ. ಸರಿ ಇದೆಯಾ ಅಂತ ನೋಡೋದು ಹೆಂಗೆ? ಎಬಿಎಸ್ ಬೈಕ್ ಆದ್ರೆ ಬೇರೆ ಏನಾದ್ರೂ ಇದೆಯಾ?

2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಕಡ್ಡಾಯ, ಹಾಗಾಗಿ ಈ ಪ್ರಶ್ನೆ ಈಗ ಜಾಸ್ತಿ. ಕೆಲಸ ಮಾಡುವಾಗ ಮೇಲಿನ ಡಬ್ಬಿ ಖಾಲಿಯಾಗಲು ಬಿಡದಿದ್ದರೆ ಮಾಮೂಲಿ ರೀತಿಯಲ್ಲೇ ಏರ್ ತೆಗೆಯಬಹುದು. ಎಬಿಎಸ್ ಪೆಟ್ಟಿಗೆಯೊಳಗೆ ಗಾಳಿ ಹೋದರೆ ಕೆಲವು ಬೈಕುಗಳಿಗೆ ಕಂಪ್ಯೂಟರ್ ಹಾಕಿಯೇ ತೆಗೆಯಬೇಕು, ಸರ್ವಿಸ್ ಸೆಂಟರಿಗೆ ಹೋಗಿ.

ಪರೀಕ್ಷೆಗೆ ನಾನು ಮಾಡುವುದು ಇಷ್ಟು. ರಾತ್ರಿ ಅಂಗಡಿ ಮುಚ್ಚುವಾಗ ಬ್ರೇಕ್ ಲಿವರನ್ನು ಗಟ್ಟಿಯಾಗಿ ಒತ್ತಿ ಟ್ಯೂಬಿನ ರಬ್ಬರ್‌ನಿಂದ ಹ್ಯಾಂಡಲ್‌ಗೆ ಕಟ್ಟುತ್ತೇನೆ. ನಿಪ್ಪಲ್, ಬ್ಯಾಂಜೋ ಎರಡರ ಕೆಳಗೂ ಹಳೇ ಪೇಪರ್ ತುಂಡು ಸುತ್ತಿಡುತ್ತೇನೆ. ಬೆಳಿಗ್ಗೆ ಪೇಪರ್ ಮೇಲೆ ಒಂದು ಕಡಲೆಕಾಳಿನಷ್ಟು ಒದ್ದೆ ಕಂಡರೂ ಮತ್ತೆ ಬಿಚ್ಚುತ್ತೇನೆ. ಒಣಗಿದ್ದರೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹತ್ತು ಸಲ ಬ್ರೇಕ್ ಹಿಡಿದು ನೋಡಿ, ಮತ್ತೆ ಆಯಿಲ್ ಮಟ್ಟ ನೋಡುತ್ತೇನೆ. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹೋಗುವುದಿದ್ದರೆ ಅದಾದ ಮೇಲೆ.

ಮುಂದಿನ ಮಳೆಗಾಲಕ್ಕೆ ಮತ್ತೆ ಜಾಮ್ ಆಗದ ಹಾಗೆ ಏನ್ ಮಾಡ್ಲಿ?

ಮೇ ತಿಂಗಳಲ್ಲಿ ನಿಪ್ಪಲ್ ಒಮ್ಮೆ ಸಡಿಲಿಸಿ, ಎರಡು ಹನಿ ಬ್ರೇಕ್ ಆಯಿಲ್ ಹೊರಬಿಟ್ಟು, ಮತ್ತೆ ಹದವಾಗಿ ಬಿಗಿಯಿರಿ. ಬಾಯಿಗೆ ಸಿಲಿಕಾನ್ ಗ್ರೀಸ್ ಸವರಿ, ರಬ್ಬರ್ ಮುಚ್ಚಳ ಹಾಕಿ. ಮುಚ್ಚಳ ಕಳೆದಿದ್ದರೆ ಹೊಸದು ಸಿಗುವ ತನಕ ಸೈಕಲ್ ವಾಲ್ ಟ್ಯೂಬಿನ ಸಣ್ಣ ತುಂಡಿನ ಒಂದು ತುದಿ ಗಂಟು ಹಾಕಿ ಏರಿಸಿದರೂ ನಡೆಯುತ್ತದೆ. ಪ್ಯಾಡ್ ಪಿನ್, ಸ್ಲೈಡ್ ಪಿನ್ ಎರಡನ್ನೂ ಅದೇ ದಿನ ತೆಗೆದು ಒರೆಸಿ ಹಾಕಿ. ಅಕ್ಟೋಬರಿನಲ್ಲಿ ಇನ್ನೊಂದು ಸಲ.